ಮಗುವಿನ ಕಿವಿ ಸೋಂಕಿಗೆ ಆ್ಯಂಟಿಬಯೊಟಿಕ್ ಎಷ್ಟು ದಿನ? ಬಾಟಲಿ ಖಾಲಿಯಾದ್ರೆ ಕೋರ್ಸ್ ಮುಗಿದ ಹಾಗಲ್ಲ

ನಾನು ಮಕ್ಕಳ ಡಾಕ್ಟರ್. ಇವತ್ತಿನ ಕಂತಿನಲ್ಲಿ ಒಂದೇ ಒಂದು ಪ್ರಶ್ನೆ ಇಟ್ಟುಕೊಂಡು ಮಾತಾಡ್ತೀನಿ. ಮಗುವಿಗೆ ಕಿವಿ ಸೋಂಕು ಆಗಿದೆ, ಡಾಕ್ಟರ್ ಆ್ಯಂಟಿಬಯೊಟಿಕ್ ಸಿರಪ್ ಬರೆದುಕೊಟ್ಟಿದ್ದಾರೆ. ಅದನ್ನ ಎಷ್ಟು ದಿನ ಕೊಡಬೇಕು? ಮೂರಾ, ಐದಾ, ಏಳಾ, ಹತ್ತಾ?

ನಿಮ್ಮಲ್ಲಿ ಕೆಲವರಿಗೆ ಚಿಕ್ಕ ಮಕ್ಕಳಿರಬಹುದು. ಇನ್ನು ಕೆಲವರ ಮನೆಯಲ್ಲಿ ಅಕ್ಕನ ಮಗುವೋ ಅಣ್ಣನ ಮಗುವೋ ಇರಬಹುದು. ರಾತ್ರಿ ಹನ್ನೊಂದಕ್ಕೆ ಮಗು ಕಿವಿ ಹಿಡ್ಕೊಂಡು ಅಳೋಕೆ ಶುರು ಮಾಡಿದ್ರೆ ಮನೆಯವರೆಲ್ಲ ನೋಡೋದು ನಿಮ್ಮ ಕಡೆಗೇ. ಯಾಕಂದ್ರೆ ಫೋನ್ ಇರೋದು ನಿಮ್ಮ ಕೈಯಲ್ಲಿ. ಹಾಗಾಗಿ ಈ ವಿಷಯ ನಿಮಗೆ ಗೊತ್ತಿದ್ರೆ ಒಳ್ಳೇದು.

ಮೊದಲು ಬಾಟಲಿ ಲೆಕ್ಕ ಹಾಕೋಣ. ನಮ್ಮಲ್ಲಿ ಕಿವಿ ಸೋಂಕಿಗೆ ಸಾಮಾನ್ಯವಾಗಿ ಬರೆಯೋ ಅಮಾಕ್ಸಿಸಿಲಿನ್, ಅಥವಾ ಅಮಾಕ್ಸಿಸಿಲಿನ್ ಜೊತೆ ಕ್ಲಾವುಲನೇಟ್ ಸೇರಿಸಿದ ಸಿರಪ್, ಹೆಚ್ಚಾಗಿ 30 ಎಂಎಲ್‌ನ ಪುಟ್ಟ ಬಾಟಲಿಯಲ್ಲಿ ಸಿಗುತ್ತೆ. ಒಂದು ಹೊತ್ತಿಗೆ 5 ಎಂಎಲ್, ದಿನಕ್ಕೆ ಎರಡು ಹೊತ್ತು ಅಂತ ಬರೆದಿದ್ದಾರೆ ಅಂದುಕೊಳ್ಳಿ. ದಿನಕ್ಕೆ 10 ಎಂಎಲ್ ಆಯ್ತು. ಅಂದ್ರೆ ಮೂರನೇ ದಿನ ರಾತ್ರಿ ಬಾಟಲಿ ಖಾಲಿ. ಅಷ್ಟೊತ್ತಿಗೆ ಜ್ವರ ಇಳಿದಿರುತ್ತೆ, ಮಗು ಓಡಾಡ್ತಾ ಇರುತ್ತೆ. ಮನೆಯವರು ಏನಂದುಕೊಳ್ತಾರೆ? ಬಾಟಲಿ ಮುಗೀತು, ಕೋರ್ಸ್ ಮುಗೀತು.

ನನ್ನ ಹತ್ತಿರ ಬರೋ ಅಪ್ಪ ಅಮ್ಮಂದಿರನ್ನ ನಾನು ಯಾವಾಗಲೂ ಕೇಳ್ತೀನಿ, ಹಿಂದಿನ ಸಲ ಎಷ್ಟು ದಿನ ಕೊಟ್ರಿ ಅಂತ. ಹೆಚ್ಚಿನವರು ದಿನದ ಲೆಕ್ಕ ಹೇಳೋದೇ ಇಲ್ಲ. 'ಒಂದು ಬಾಟಲಿ ಕೊಟ್ವಿ ಸಾರ್' ಅಂತಾರೆ. ಅದು ಅವರ ತಪ್ಪಲ್ಲ. ಚೀಟಿಯಲ್ಲಿ ದಿನ ಬರೆದಿದ್ರೂ ಎಷ್ಟು ಬಾಟಲಿ ಬೇಕು ಅಂತ ಯಾರೂ ಬಾಯಿಬಿಟ್ಟು ಹೇಳಿರಲ್ಲ. ಇದೇ ಲೆಕ್ಕದಲ್ಲಿ ಏಳು ದಿನಕ್ಕೆ 70 ಎಂಎಲ್ ಬೇಕು, ಅಂದ್ರೆ ಮೂರು ಬಾಟಲಿ. ಹತ್ತು ದಿನಕ್ಕೆ ನಾಲ್ಕು ಬಾಟಲಿ. ಚಿಕಿತ್ಸೆಯ ಅವಧಿ ಡಾಕ್ಟರ್ ತೀರ್ಮಾನ ಮಾಡಬೇಕು. ಬಾಟಲಿಯ ಅಳತೆ ತೀರ್ಮಾನ ಮಾಡೋ ಹಾಗಾಗಬಾರದು.

ಸರಿ, ಹಾಗಾದ್ರೆ ಸರಿಯಾದ ಸಂಖ್ಯೆ ಯಾವುದು? ಅದಕ್ಕೆ ಮೊದಲು ಕಿವಿಯೊಳಗೆ ಏನಾಗುತ್ತೆ ಅಂತ ಸ್ವಲ್ಪ ನೋಡೋಣ.

ನಾವು ಇಲ್ಲಿ ಮಾತಾಡ್ತಿರೋದು ಕಿವಿತಮಟೆಯ ಹಿಂದೆ, ನಡುಕಿವಿಯಲ್ಲಿ ಆಗೋ ಸೋಂಕಿನ ಬಗ್ಗೆ. ನಡುಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಳಿಕೆ ಇದೆ. ಅದಕ್ಕೆ ಯುಸ್ಟೇಷಿಯನ್ ನಳಿಕೆ ಅಂತ ಹೆಸರು. ದೊಡ್ಡವರಲ್ಲಿ ಅದು ಉದ್ದ ಮತ್ತು ಇಳಿಜಾರು. ಚಿಕ್ಕ ಮಕ್ಕಳಲ್ಲಿ ಗಿಡ್ಡ, ಜೊತೆಗೆ ಹೆಚ್ಚುಕಡಿಮೆ ಅಡ್ಡವಾಗಿ ಮಲಗಿರುತ್ತೆ. ನೆಗಡಿ ಬಂದು ಅದು ಕಟ್ಟಿಕೊಂಡರೆ ನಡುಕಿವಿಯ ನೀರು ಇಳಿದು ಹೋಗೋಕೆ ದಾರಿ ಇರಲ್ಲ. ನಿಂತ ನೀರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ, ಕೀವು ತುಂಬುತ್ತೆ, ತಮಟೆ ಉಬ್ಬುತ್ತೆ. ಆ ಒತ್ತಡವೇ ಆ ನೋವು. 'ಶೀತ ಕಿವಿಗಿಳೀತು' ಅಂತ ಅಜ್ಜಿ ಹೇಳ್ತಾರಲ್ಲ, ಆ ಮಾತು ನಿಜಕ್ಕೆ ತುಂಬಾ ಹತ್ತಿರ ಇದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಜಾಸ್ತಿ. ಮಗು ಬೆಳೆದಂತೆ ನಳಿಕೆಯೂ ಬೆಳೆಯುತ್ತೆ, ತೊಂದರೆ ಕಡಿಮೆಯಾಗುತ್ತೆ. ವಯಸ್ಸು ಇಲ್ಲಿ ಎಷ್ಟು ಮುಖ್ಯ ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಒಂದು ಸ್ವಾರಸ್ಯದ ವಿಷಯ. ಕಿವಿ ಸೋಂಕಿಗೆ ಹತ್ತು ದಿನ ಅನ್ನೋ ಹಳೇ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಕಿವಿಯಿಂದ ಅಲ್ಲ, ಗಂಟಲಿನಿಂದ! 1950ರ ಆಸುಪಾಸಿನಲ್ಲಿ ಅಮೆರಿಕದ ಸೈನಿಕರ ಮೇಲೆ ಅಧ್ಯಯನಗಳು ನಡೆದವು. ಸ್ಟ್ರೆಪ್ಟೊಕಾಕಸ್ ಅನ್ನೋ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟಾಗ ಪೆನಿಸಿಲಿನ್ ಕೊಟ್ಟರೆ, ಆಮೇಲೆ ಹೃದಯಕ್ಕೆ ಹೊಡೆತ ಕೊಡೋ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು ಅಂತ ಅವು ತೋರಿಸಿಕೊಟ್ಟವು. ಮುಂದೆ ಆ ಗಂಟಲು ಸೋಂಕಿಗೆ ಹತ್ತು ದಿನದ ಚಿಕಿತ್ಸೆ ರೂಢಿಗೆ ಬಂತು. ಅದೇ ಸಂಖ್ಯೆ ಮೆಲ್ಲಗೆ ಕಿವಿಗೂ ಬಂದು ಕೂತಿತು. ಕಿವಿಗೆ ನಿಜವಾಗಲೂ ಹತ್ತು ದಿನ ಬೇಕಾ ಅಂತ ಸರಿಯಾಗಿ ಪರೀಕ್ಷೆ ಮಾಡಿದ್ದು ಎಷ್ಟೋ ವರ್ಷಗಳ ಮೇಲೆ.

ಆ ಪರೀಕ್ಷೆಗಳಲ್ಲಿ ಮುಖ್ಯವಾದ ಒಂದರ ಬಗ್ಗೆ ಹೇಳ್ತೀನಿ. ಅಮೆರಿಕದ ಪಿಟ್ಸ್‌ಬರ್ಗ್‌ನ ಅಲೆಹಾಂಡ್ರೊ ಹೋಬರ್‌ಮನ್ ಮತ್ತು ಜೊತೆಗಾರರ ಈ ಅಧ್ಯಯನ 2016ರ ಡಿಸೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾಯ್ತು. 6ರಿಂದ 23 ತಿಂಗಳ 520 ಮಕ್ಕಳು. ಎಲ್ಲರಿಗೂ ಕಿವಿ ಸೋಂಕು ಇದೆ ಅಂತ ಖಚಿತವಾಗಿತ್ತು. ಅರ್ಧ ಮಕ್ಕಳಿಗೆ ಹತ್ತು ದಿನ ಆ್ಯಂಟಿಬಯೊಟಿಕ್ ಕೊಟ್ಟರು. ಉಳಿದ ಅರ್ಧಕ್ಕೆ ಐದು ದಿನ ಆ್ಯಂಟಿಬಯೊಟಿಕ್, ಆಮೇಲಿನ ಐದು ದಿನ ಔಷಧ ಇಲ್ಲದ ಪ್ಲಸೀಬೊ. ಯಾವ ಮಗುವಿಗೆ ಯಾವುದು ಅಂತ ಮನೆಯವರಿಗೂ ಗೊತ್ತಿಲ್ಲ, ಪರೀಕ್ಷೆ ಮಾಡೋ ಡಾಕ್ಟರಿಗೂ ಗೊತ್ತಿಲ್ಲ.

ಸಂಶೋಧಕರ ಆಸೆ ಏನಿತ್ತು ಅಂದ್ರೆ, ಐದು ದಿನವೇ ಸಾಕು ಅಂತ ಗೊತ್ತಾದ್ರೆ ಔಷಧವೂ ಕಡಿಮೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾನೂ ಕಡಿಮೆ ಆಗಬಹುದು ಅಂತ. ಫಲಿತಾಂಶ ಉಲ್ಟಾ ಬಂತು. ಹತ್ತು ದಿನದ ಗುಂಪಿನಲ್ಲಿ ಚಿಕಿತ್ಸೆ ವಿಫಲವಾಗಿದ್ದು ನೂರಕ್ಕೆ 16 ಮಕ್ಕಳಲ್ಲಿ. ಐದು ದಿನದ ಗುಂಪಿನಲ್ಲಿ ನೂರಕ್ಕೆ 34. ಎರಡು ಪಟ್ಟು! ಹೋಗಲಿ, ಐದು ದಿನದ ಗುಂಪಿನಲ್ಲಿ ಭೇದಿಯಂಥ ಅಡ್ಡಪರಿಣಾಮವಾದ್ರೂ ಕಡಿಮೆ ಇತ್ತಾ? ಇಲ್ಲ. ಮೂಗಿನ ಹಿಂಭಾಗದಲ್ಲಿ ಪೆನಿಸಿಲಿನ್‌ಗೆ ಬಗ್ಗದ ಬ್ಯಾಕ್ಟೀರಿಯಾ ಕಡಿಮೆ ಇತ್ತಾ? ಅದೂ ಇಲ್ಲ, ಎರಡೂ ಗುಂಪಿನಲ್ಲಿ ಹೆಚ್ಚುಕಮ್ಮಿ ಒಂದೇ. ಫಲಿತಾಂಶ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಅವಧಿಗೆ ಮೊದಲೇ ನಿಲ್ಲಿಸಿದರು.

ಇಲ್ಲಿ ಒಂದು ಮಾತು ಸೇರಿಸಬೇಕು. 'ವಿಫಲ' ಅಂದ್ರೆ ಮಗುವಿಗೆ ಏನೋ ಅನಾಹುತ ಆಯ್ತು ಅಂತ ಅಲ್ಲ. ಲಕ್ಷಣಗಳು ಜಾಸ್ತಿಯಾದವು, ಇಲ್ಲವೇ ಚಿಕಿತ್ಸೆ ಮುಗಿದರೂ ಪೂರ್ತಿ ಹೋಗಲಿಲ್ಲ, ಇನ್ನೂ ಔಷಧ ಬೇಕಾಯ್ತು ಅಂತ. ಐದು ದಿನ ತಗೊಂಡವರಲ್ಲೂ ಮೂರರಲ್ಲಿ ಎರಡು ಮಕ್ಕಳು ಗುಣವಾಗಿದ್ದಾರೆ. ಆದ್ರೆ ಯಾವ ಮಗು ಆ ಎರಡರಲ್ಲಿ, ಯಾವುದು ಆ ಒಂದರಲ್ಲಿ ಅಂತ ಮೊದಲೇ ಹೇಳೋಕೆ ಆಗಲ್ಲ. ಎರಡೂ ಕಿವಿಗೆ ಸೋಂಕು ಇದ್ದ ಮಕ್ಕಳು, ಬೇರೆ ಮಕ್ಕಳ ಜೊತೆ ವಾರದಲ್ಲಿ ಹತ್ತು ಗಂಟೆಗಿಂತ ಜಾಸ್ತಿ ಕಳೆಯೋ ಮಕ್ಕಳು, ಇವರಲ್ಲಿ ವಿಫಲತೆ ಹೆಚ್ಚು ಕಂಡಿತು. ಬೆಂಗಳೂರಿನ ಡೇ ಕೇರ್‌ನಲ್ಲಿ ಮಗು ಬಿಟ್ಟು ಕೆಲಸಕ್ಕೆ ಹೋಗೋ ಅಪ್ಪ ಅಮ್ಮ ಇದನ್ನ ಸ್ವಲ್ಪ ಗಮನ ಇಟ್ಟು ಕೇಳಿ.

ಹಾಗಂತ ಎಲ್ಲ ಮಕ್ಕಳಿಗೂ ಹತ್ತು ದಿನ ಅಂತಲೂ ಅಲ್ಲ. ವಯಸ್ಸು ಮುಖ್ಯ ಅಂದೆನಲ್ಲ, ಇಲ್ಲಿ ಅದು ಬರುತ್ತೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲಿ ಕೊಟ್ಟ ಮಾರ್ಗಸೂಚಿ ಹೀಗಿದೆ. ಎರಡು ವರ್ಷದೊಳಗಿನವರಿಗೆ 10 ದಿನ. ಯಾವ ವಯಸ್ಸಾದರೂ ಸೋಂಕು ತೀವ್ರವಾಗಿದ್ದರೆ 10 ದಿನ. ತೀವ್ರ ಅಂದ್ರೆ ಕಿವಿನೋವು ಜೋರಾಗಿರೋದು, ನೋವು ಎರಡು ದಿನ ದಾಟಿರೋದು, ಅಥವಾ ಜ್ವರ 39 ಡಿಗ್ರಿ ಸೆಲ್ಸಿಯಸ್, ಅಂದ್ರೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ 102ರ ಮೇಲೆ ಹೋಗಿರೋದು. ತೀವ್ರವಲ್ಲದ ಸೋಂಕಾದರೆ ಎರಡರಿಂದ ಐದು ವರ್ಷದವರಿಗೆ 7 ದಿನ, ಆರು ವರ್ಷ ಮೇಲ್ಪಟ್ಟವರಿಗೆ 5ರಿಂದ 7 ದಿನ.

ಬ್ರಿಟನ್ನಿನ ಮಾರ್ಗಸೂಚಿ ನೋಡಿದ್ರೆ ಅಲ್ಲಿ ಆ್ಯಂಟಿಬಯೊಟಿಕ್ ಕೊಡಲೇಬೇಕಾಗಿ ಬಂದರೆ 5ರಿಂದ 7 ದಿನ ಅಂತಿದೆ. ಒಂದೇ ಕಾಯಿಲೆ, ಎರಡು ದೇಶ, ಎರಡು ಲೆಕ್ಕ. ಹಾಗಾಗಿ ನೀವು ಫೋನಿನಲ್ಲಿ ಹುಡುಕಿದಾಗ ಬೇರೆ ಬೇರೆ ಉತ್ತರ ಸಿಕ್ಕರೆ ಯಾರೋ ಸುಳ್ಳು ಹೇಳ್ತಿದ್ದಾರೆ ಅಂತ ಅಂದುಕೊಳ್ಳಬೇಡಿ. ಬ್ರಿಟನ್ನಿನವರು ಔಷಧ ಆದಷ್ಟು ಕಡಿಮೆ ಬಳಸೋಣ ಅನ್ನೋ ಕಡೆ ತೂಕ ಹಾಕಿದ್ದಾರೆ, ಅಮೆರಿಕದವರು ಪುಟ್ಟ ಮಕ್ಕಳಲ್ಲಿ ಸೋಂಕು ಉಳಿಯದಿರಲಿ ಅನ್ನೋ ಕಡೆ. ನಿಮ್ಮ ಮಗುವನ್ನ ನೋಡಿರೋ ಡಾಕ್ಟರ್ ಇವೆರಡನ್ನೂ ತೂಗಿ ಒಂದು ಸಂಖ್ಯೆ ಹೇಳ್ತಾರೆ. ಕೈಯಲ್ಲಿ ಇರಬೇಕಾದ ಸಂಖ್ಯೆ ಅದೇ.

ಇನ್ನೊಂದು ಸಂಖ್ಯೆಯೂ ಇದೆ. ಸೊನ್ನೆ. ಹೌದು, ಕೆಲವು ಮಕ್ಕಳಿಗೆ ಸೊನ್ನೆ ದಿನ! ಕಿವಿ ಸೋಂಕಿನ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ ಪ್ರಕಾರ, ಔಷಧ ಕೊಟ್ಟರೂ ಕೊಡದಿದ್ದರೂ ನೂರಕ್ಕೆ ಸುಮಾರು 60 ಮಕ್ಕಳು ಮೊದಲ 24 ಗಂಟೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಅಂದ್ರೆ ಮೊದಲ ರಾತ್ರಿಯ ನೋವನ್ನ ಆ್ಯಂಟಿಬಯೊಟಿಕ್ ಕಡಿಮೆ ಮಾಡಲ್ಲ. ಅದಕ್ಕೆ ಬೇಕಾಗಿರೋದು ಮಗುವಿನ ತೂಕಕ್ಕೆ ತಕ್ಕ ಪ್ರಮಾಣದ ಪ್ಯಾರಾಸಿಟಮಾಲ್. ನೆದರ್‌ಲ್ಯಾಂಡ್ಸ್‌ನ ಕುಟುಂಬ ವೈದ್ಯರು 1990ರಿಂದಲೇ 'ಮೊದಲು ಕಾದು ನೋಡಿ' ಅನ್ನೋ ದಾರಿ ಹಿಡಿದಿದ್ದಾರೆ.

ಯಾರು ಕಾಯಬಹುದು? ಎರಡು ವರ್ಷ ದಾಟಿದ, ಸೋಂಕು ತೀವ್ರವಿಲ್ಲದ ಮಗು. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಗುವಾದ್ರೆ ಒಂದೇ ಕಿವಿಗೆ ಸೌಮ್ಯ ಸೋಂಕು ಇದ್ದಾಗ ಮಾತ್ರ. ಆರು ತಿಂಗಳೊಳಗಿನ ಕೂಸು, ಕಿವಿ ಸೋರುತ್ತಿರೋ ಮಗು, ತೀವ್ರ ಸೋಂಕಿರೋ ಮಗು ಈ ಲೆಕ್ಕಕ್ಕೆ ಬರಲ್ಲ. ಕಾಯೋದು ಅಂದ್ರೆ ಸುಮ್ಮನೆ ಬಿಟ್ಟುಬಿಡೋದು ಅಂತಲೂ ಅಲ್ಲ. 48ರಿಂದ 72 ಗಂಟೆಯೊಳಗೆ ಕಡಿಮೆಯಾಗದಿದ್ದರೆ, ಅಥವಾ ಮಧ್ಯೆ ಜಾಸ್ತಿಯಾದರೆ, ಔಷಧ ಶುರು ಮಾಡಲೇಬೇಕು. ಊರಿಂದ ಆಸ್ಪತ್ರೆಗೆ ದಿನಕ್ಕೆ ಎರಡೇ ಬಸ್ ಇರೋ ಮನೆಯವರಿಗೆ 'ಮೂರು ದಿನ ಬಿಟ್ಟು ಬನ್ನಿ' ಅನ್ನೋಕೆ ನಾನು ಹಿಂದೆಮುಂದೆ ನೋಡ್ತೀನಿ. ಆದ್ದರಿಂದ ನಿಮ್ಮ ಮನೆ ಎಷ್ಟು ದೂರ, ಮತ್ತೆ ಬರೋಕೆ ಆಗುತ್ತಾ ಅಂತ ಡಾಕ್ಟರಿಗೆ ಹೇಳಿ. ಅದೂ ಚಿಕಿತ್ಸೆಯ ಭಾಗವೇ.

ಈಗ ನೀವು ಒಂದು ಪ್ರಶ್ನೆ ಕೇಳಬಹುದು. 'ಕೋರ್ಸ್ ಪೂರ್ತಿ ಮಾಡದಿದ್ರೆ ಬ್ಯಾಕ್ಟೀರಿಯಾ ಔಷಧಕ್ಕೆ ಬಗ್ಗಲ್ಲ ಅಂತಾರಲ್ಲ, ಅದು ನಿಜಾನಾ?' ಈ ಮಾತಿಗೆ ಹಳೇ ಬೇರು ಇದೆ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ತಮ್ಮ ನೊಬೆಲ್ ಭಾಷಣದಲ್ಲಿ ಒಂದು ಕಲ್ಪಿತ ಕಥೆ ಹೇಳಿದರು. ಗಂಟಲುನೋವು ಬಂದ ಒಬ್ಬ ಮನುಷ್ಯ ತಾನೇ ಪೆನಿಸಿಲಿನ್ ಕೊಂಡು ಕಡಿಮೆ ಪ್ರಮಾಣದಲ್ಲಿ ತಗೊಳ್ತಾನೆ. ಬ್ಯಾಕ್ಟೀರಿಯಾ ಸಾಯಲ್ಲ, ಔಷಧವನ್ನು ಎದುರಿಸೋದನ್ನ ಕಲಿಯುತ್ತೆ. ಅದು ಹೆಂಡತಿಗೆ ಅಂಟುತ್ತೆ, ಆಕೆಗೆ ಪೆನಿಸಿಲಿನ್ ಕೆಲಸ ಮಾಡಲ್ಲ, ಆಕೆ ತೀರಿಕೊಳ್ತಾಳೆ. ಅರೆಬರೆ ಔಷಧದ ಭಯ ಆಗಿನಿಂದ ನಮ್ಮ ಜೊತೆ ಇದೆ.

ಆದ್ರೆ 2017ರಲ್ಲಿ ಬ್ರಿಟನ್ನಿನ ಕೆಲವು ಸೋಂಕುತಜ್ಞರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನ ಪ್ರಶ್ನೆ ಮಾಡಿದರು. ಬೇಗ ನಿಲ್ಲಿಸಿದ್ರೆ ಪ್ರತಿರೋಧ ಹೆಚ್ಚುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ, ಬೇಕಾದ್ದಕ್ಕಿಂತ ಹೆಚ್ಚು ದಿನ ತಗೊಳ್ಳೋದೇ ಪ್ರತಿರೋಧ ಬೆಳೆಸುತ್ತೆ ಅಂತ ವಾದಿಸಿದರು. ನಮ್ಮ ಹೊಟ್ಟೆಯಲ್ಲಿ, ಮೂಗಿನಲ್ಲಿ, ಚರ್ಮದ ಮೇಲೆ ಕೋಟ್ಯಂತರ ಬ್ಯಾಕ್ಟೀರಿಯಾ ಇವೆ. ಪ್ರತಿ ಡೋಸ್ ಅವುಗಳ ಮೇಲೂ ಬೀಳುತ್ತೆ, ಬಗ್ಗದವು ಉಳಿದುಕೊಳ್ಳುತ್ತವೆ. ಎಷ್ಟೋ ಸೋಂಕುಗಳಲ್ಲಿ ಈಗ ದಿನ ಕಡಿಮೆ ಮಾಡ್ತಿರೋದು ಈ ಕಾರಣಕ್ಕೇ. ಪುಟ್ಟ ಮಕ್ಕಳ ಕಿವಿ ಮಾತ್ರ, ಪರೀಕ್ಷೆ ಮಾಡಿ ನೋಡಿದಾಗ, ಆ ಸಾಲಿಗೆ ಸೇರಲಿಲ್ಲ.

ಹಾಗಾಗಿ ನಾನು 'ಕೋರ್ಸ್ ಪೂರ್ತಿ ಮಾಡಿ' ಅಂತ ಹೇಳುವಾಗ ಕಾರಣವನ್ನೂ ಸೇರಿಸ್ತೀನಿ. 'ನಿಮ್ಮ ಮಗುವಿಗೆ ಒಂದೂವರೆ ವರ್ಷ, ಎರಡೂ ಕಿವಿ ಕೆಂಪಾಗಿ ಉಬ್ಬಿದೆ, ಬೇಗ ನಿಲ್ಲಿಸಿದ್ರೆ ಸೋಂಕು ಮರಳೋ ಸಾಧ್ಯತೆ ಜಾಸ್ತಿ, ಅದಕ್ಕೇ ಹತ್ತು ದಿನ.' ಕಾರಣ ಗೊತ್ತಿದ್ದವರು ಮೂರನೇ ದಿನ ಮಗು ಆಟ ಆಡ್ತಿದ್ರೂ ಎರಡನೇ ಬಾಟಲಿ ತರ್ತಾರೆ.

ಇನ್ನು ಮನೆಯಲ್ಲಿ ಮಾಡಬೇಕಾದ್ದು. ಡಾಕ್ಟರ್ ರೂಮಿನಿಂದ ಎದ್ದು ಬರೋ ಮೊದಲು ಮೂರು ಪ್ರಶ್ನೆ ಕೇಳಿ. ಎಷ್ಟು ದಿನ? ಅದಕ್ಕೆ ಎಷ್ಟು ಬಾಟಲಿ? ಎಷ್ಟು ದಿನದಲ್ಲಿ ಕಡಿಮೆಯಾಗದಿದ್ರೆ ವಾಪಸ್ ಬರಬೇಕು? ಚೀಟಿಯ ಫೋಟೊ ತೆಗೆದಿಟ್ಟುಕೊಳ್ಳಿ. ಕೊನೆಯ ಡೋಸ್‌ನ ದಿನಕ್ಕೆ ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಬೆಳಿಗ್ಗೆ ಸಂಜೆಗೆ ಅಲಾರಂ ಇಡಿ.

ಪುಡಿ ಇರೋ ಬಾಟಲಿಗೆ ಕುದಿಸಿ ಆರಿಸಿದ ನೀರನ್ನ ಗುರುತಿನವರೆಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ. ಪ್ರತಿ ಸಲ ಕೊಡುವಾಗಲೂ ಅಲ್ಲಾಡಿಸಿ. ಅಡುಗೆಮನೆ ಚಮಚ ಬೇಡ, ಅಳತೆ ಮುಚ್ಚಳವೋ ಸಿರಿಂಜೋ ಬಳಸಿ. ಕ್ಲಾವುಲನೇಟ್ ಇರೋ ಸಿರಪ್ ಕಲಸಿದ ಮೇಲೆ ಫ್ರಿಜ್‌ನಲ್ಲಿ ಇರಬೇಕು. ಎಷ್ಟು ದಿನ ಬಳಸಬಹುದು ಅಂತ ಲೇಬಲ್ ಮೇಲೆ ಇರುತ್ತೆ, ಸಾಮಾನ್ಯವಾಗಿ ಏಳು ದಿನ. ಅದಕ್ಕೇ ಎಲ್ಲ ಬಾಟಲಿ ಒಟ್ಟಿಗೆ ಕಲಸಬೇಡಿ, ಒಂದು ಮುಗಿದ ಮೇಲೆ ಇನ್ನೊಂದು. ಮನೆಯಲ್ಲಿ ಫ್ರಿಜ್ ಇಲ್ಲ ಅಂದ್ರೆ ಅದನ್ನ ಡಾಕ್ಟರಿಗೆ ಮೊದಲೇ ಹೇಳಿ.

ಕೋರ್ಸ್ ಮುಗಿದು ಮಿಕ್ಕಿದ ಸಿರಪ್ ಎತ್ತಿಡಬೇಡಿ. ಮುಂದಿನ ನೆಗಡಿಗೆ ಆಗುತ್ತೆ ಅಂತಲೋ, ಪಕ್ಕದ ಮನೆ ಮಗುವಿಗೂ ಇದೇ ಲಕ್ಷಣ ಅಂತಲೋ ಕೊಡಬೇಡಿ. ಪ್ರಮಾಣ ತೂಕದ ಮೇಲೆ ಹೋಗುತ್ತೆ. ಅಣ್ಣನ ಡೋಸ್ ತಮ್ಮನಿಗೆ ಆಗಲ್ಲ. ಮಾತ್ರೆಯ ಸ್ಟ್ರಿಪ್‌ಗಳ ಮೇಲೆ ಕೆಂಪು ಗೆರೆ ನೋಡಿರ್ತೀರಿ. ಚೀಟಿ ಇಲ್ಲದೆ ಇದನ್ನ ತಗೋಬೇಡಿ ಅಂತ ಅದರ ಅರ್ಥ. ಕೇಂದ್ರ ಸರ್ಕಾರ ಅದರ ಬಗ್ಗೆ 2016ರಲ್ಲಿ ಅಭಿಯಾನವನ್ನೇ ಮಾಡಿತ್ತು. ಮೆಡಿಕಲ್ ಶಾಪಿನಲ್ಲಿ 'ಹೋದ ಸಲದ್ದೇ ಒಂದು ಬಾಟಲಿ ಕೊಡಿ' ಅನ್ನೋ ಮುಂಚೆ ಆ ಗೆರೆ ನೆನಪಾಗಲಿ.

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ವಿಷಯ. ದಯವಿಟ್ಟು ಕಿವಿಗೆ ಬಿಡಬೇಡಿ. ಕೀವಿನ ಒತ್ತಡಕ್ಕೆ ತಮಟೆ ತೂತಾಗಿದ್ದರೆ ಎಣ್ಣೆ ನೇರ ನಡುಕಿವಿಗೆ ಹೋಗುತ್ತೆ. ಅಜ್ಜಿಗೆ ಬೇಜಾರಾಗದ ಹಾಗೆ ಬಾಟಲಿಯನ್ನ ಪಕ್ಕಕ್ಕಿಡೋದು ನಿಮ್ಮ ಜವಾಬ್ದಾರಿ!

ಕಿವಿ ಎರಡು ವಾರಕ್ಕಿಂತ ಜಾಸ್ತಿ ಸೋರ್ತಿದ್ರೆ ಅದು ಬೇರೆಯೇ ಕಾಯಿಲೆ. ಅದಕ್ಕೆ ಸಿರಪ್ ಮೇಲೆ ಸಿರಪ್ ಕುಡಿಸೋದು ಮದ್ದಲ್ಲ. ಕಿವಿ ಒರೆಸಿ ಒಣಗಿಸಿ, ಡಾಕ್ಟರ್ ಬರೆದ ಡ್ರಾಪ್ಸ್ ಹಾಕಬೇಕು, ಇಎನ್‌ಟಿ ವೈದ್ಯರು ನೋಡಬೇಕು. ಹಾಗೇ ಬಿಟ್ಟರೆ ಕೇಳಿಸೋದು ಕಡಿಮೆಯಾಗುತ್ತೆ. ಮಾತು ಕಲಿಯೋ ವಯಸ್ಸಿನ ಮಗುವಿಗೆ ಅದು ದೊಡ್ಡ ನಷ್ಟ. ಇನ್ನೊಂದು ಕಡೆ, ಸೋಂಕು ವಾಸಿಯಾದ ಮೇಲೂ ತಮಟೆಯ ಹಿಂದೆ ಸ್ವಲ್ಪ ನೀರು ಕೆಲವು ವಾರ ಉಳಿಯಬಹುದು. ನೋವಿಲ್ಲ, ಜ್ವರ ಇಲ್ಲ ಅಂದ್ರೆ ಅದಕ್ಕೆ ಮತ್ತೆ ಆ್ಯಂಟಿಬಯೊಟಿಕ್ ಬೇಡ. ಮೂರು ತಿಂಗಳಾದರೂ ಹೋಗದಿದ್ರೆ ಕೇಳಿಸೋ ಪರೀಕ್ಷೆ ಮಾಡಿಸಿ.

ಕಾಯದೆ ಆಸ್ಪತ್ರೆಗೆ ಹೋಗಬೇಕಾದ್ದು ಯಾವಾಗ? ಕಿವಿಯ ಹಿಂದೆ ಕೆಂಪಾಗಿ ಊದಿಕೊಂಡು ಕಿವಿ ಮುಂದಕ್ಕೆ ತಳ್ಳಿದ ಹಾಗೆ ಕಂಡರೆ. ಮುಖ ಒಂದು ಕಡೆ ವಾಲಿದರೆ. ಕುತ್ತಿಗೆ ಬಿಗಿದರೆ. ಮಗು ಮಂಕಾಗಿ ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ. ಇವು ಅಪರೂಪ. ಆದ್ರೆ ಬಂದಾಗ ಬೆಳಗಾಗಲಿ ಅಂತ ಕಾಯಬೇಡಿ.

ತಡೆಯೋಕೂ ದಾರಿ ಇದೆ. ಕಿವಿ ಸೋಂಕು ತರೋ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದದ್ದು ನ್ಯುಮೊಕಾಕಸ್. ಅದರ ವಿರುದ್ಧದ ಪಿಸಿವಿ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರಿ ಲಸಿಕೆ ಕಾರ್ಯಕ್ರಮದಲ್ಲಿ ಉಚಿತ. ಆರು ವಾರಕ್ಕೆ, ಹದಿನಾಲ್ಕು ವಾರಕ್ಕೆ, ಒಂಬತ್ತು ತಿಂಗಳಿಗೆ. ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ. ಎದೆಹಾಲು ಕೊಡಿ, ಮಲಗಿಸಿಕೊಂಡು ಬಾಟಲಿ ಹಾಲು ಕುಡಿಸಬೇಡಿ, ಮಗು ಇರೋ ಮನೆಯಲ್ಲಿ ಸಿಗರೇಟ್, ಬೀಡಿ ಬೇಡ.

ಈ ಕಂತು ಕೇಳಿ ಈಗ ನಡೀತಿರೋ ಔಷಧವನ್ನ ನೀವೇ ನಿಲ್ಲಿಸೋದೂ ಬೇಡ, ಮುಂದುವರಿಸೋದೂ ಬೇಡ. ಅನುಮಾನ ಇದ್ರೆ ಬರೆದುಕೊಟ್ಟ ಡಾಕ್ಟರಿಗೆ ಒಂದು ಫೋನ್ ಮಾಡಿ: 'ಸಾರ್, ನಮ್ಮ ಮಗುವಿಗೆ ಎಷ್ಟು ದಿನ, ಯಾಕೆ ಅಷ್ಟು ದಿನ?' ಹಾಗೆ ಕೇಳಿದ್ರೆ ನಮಗೆ ಸಿಟ್ಟು ಬರಲ್ಲ. ಕೇಳದೆ ಮೂರನೇ ದಿನ ನಿಲ್ಲಿಸಿ ಎರಡನೇ ವಾರ ಮತ್ತೆ ಅಳೋ ಮಗುವನ್ನ ಎತ್ತಿಕೊಂಡು ಬಂದಾಗ ಬೇಜಾರಾಗುತ್ತೆ, ಅಷ್ಟೇ.

ಪುಟ್ಟ ಮಗು ಇರೋ ಗೆಳೆಯರಿಗೆ, ಅಕ್ಕಂದಿರಿಗೆ ಈ ಕಂತನ್ನ ಕಳಿಸಿ.